ಹಸಿವು ಗೆದ್ದವನ ಮನೆ

ಆ ದಿನ ಕುತುಬೋದ್ದೀನನ ಲಾರಿ ಹಾರ್ನ್ ಹಾಕದೆ ಊರೊಳಗೆ ಬಂತು.

ಬೀದರಿನ ಸ್ಟೇಷನ್ನಿನಿಂದ ಸರಕಾರ ಹಂಚುವ ಬರಗಾಲದ ಜೋಳ ತುಂಬಿಕೊಂಡು ಒಂದು ದಿನ ಭಾಲ್ಕಿಗೆ, ಒಂದು ದಿನ ಔರಾದಿಗೆ ಹೋಗುವ ಲಾರಿ ಅದು. ಧೊಂಡಿಬಾನ ಒಬ್ಬನೇ ಮಗ ಜ್ಞಾನೇಶ್ವರ ಅದನ್ನು ನಡೆಸುತ್ತಿದ್ದ. ಮನೆಯವರಿಗೆಲ್ಲ ಅವನು ಗ್ಯಾನು. ತಮ್ಮೂರು ಸಂತಪುರದ ಬೇವಿನ ಮರ ದಾಟುವಾಗ ಮೂರು ಸಲ ಹಾರ್ನ್ ಹಾಕುವುದು ಅವನ ರೂಢಿ. ಮೊದಲನೆಯದು ಅಜ್ಜಿ ಆಯಿಗೆ, ಎರಡನೆಯದು ಅವ್ವನಿಗೆ, ಮೂರನೆಯದು ತನಗೆ ಎಂದು ಅವನ ಎಂಟು ವರ್ಷದ ಮಗಳು ಮುಕ್ತಾ ಹಂಚಿಬಿಟ್ಟಿದ್ದಳು. “ಈ ಮುತ್ಯಾಗ ಒಂದೂ ಇಲ್ಲೇನವ್ವಾ?” ಎಂದು ಧೊಂಡಿಬಾ ಕೇಳಿದರೆ, “ನಿನಗ ವಿಠೋಬ ಇದ್ದಾನಲ್ಲ, ಸಾಕು” ಎನ್ನುತ್ತಿದ್ದಳು.

ವೈಶಾಖದ ಬಿಸಿಲು. ಧೊಂಡಿಬಾ ಪಡಸಾಲೆಯಲ್ಲಿ ಕುಳಿತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ. ಅವನ ಹೆಂಡತಿ ಜನಾಬಾಯಿ ಮೊರದಲ್ಲಿ ಪರದೇಶದ ಕೆಂಪು ಜೋಳ ಹಾಕಿಕೊಂಡು ಹರಳು ಆರಿಸುತ್ತಿದ್ದಳು. ಸೊಸೆ ಸತ್ಯಮ್ಮ ಕೆರೆಯ ಹೂಳೆತ್ತುವ ಬರಗಾಲದ ಕೆಲಸಕ್ಕೆ ಹೋಗಿದ್ದಳು. ಲಾರಿಯ ಮಾಲಕ ಕುತುಬೋದ್ದೀನನೇ ಗಾಡಿ ನಡೆಸಿಕೊಂಡು ಬಂದಿದ್ದ. ಇಳಿದು, ತಲೆಯ ಟೋಪಿ ತೆಗೆದು, ಅಂಗಳದಲ್ಲಿಯೇ ನಿಂತ.

“ಒಳಗ ಬಾ. ಗ್ಯಾನು ಎಲ್ಲಿ?”

“ಭಾಲ್ಕ್ಯಾಗ ಚೀಲ ಇಳಸೋವಾಗ ಬಿದ್ದ, ಕಾಕಾ.”

“ಕಾಲು ಮುರೀತೇನು?”

“ಕಾಲು ಮುರದಿಲ್ರಿ.”

“ಮತ್ತ?”

ಕುತುಬೋದ್ದೀನ ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡಿದ. ಜನಾಬಾಯಿಗೆ ಮೊದಲು ತಿಳಿಯಿತು. ಅವಳು ಮೊರವನ್ನು ಚೆಲ್ಲಲಿಲ್ಲ. ಒಂದು ಕಾಳೂ ಹೊರಗೆ ಬೀಳದಂತೆ ಅದನ್ನು ಗೋಡೆಯ ಬದಿಗೆ ಸರಿಸಿ, ಆಮೇಲೆ ಎದೆ ಬಡಿದುಕೊಂಡಳು.

ಕೆರೆಯಿಂದ ಸತ್ಯಮ್ಮನನ್ನು ಕರೆತಂದರು. ಹೆಣ ಬೀದರಿನ ದವಾಖಾನೆಯಲ್ಲಿತ್ತು. ಮುದುಕ ಮತ್ತು ಸೊಸೆ ಅದೇ ಲಾರಿಯಲ್ಲಿ ಹೊರಟರು. ಅವಳ ಕೈಗಳು ಮೊಣಕೈವರೆಗೆ ಕೆರೆಯ ಮಣ್ಣಿನಿಂದ ಬೆಳ್ಳಗಾಗಿದ್ದವು. ಜನವಾಡದಲ್ಲಿ ಲಾರಿ ನೀರಿಗೆ ನಿಂತಾಗ, ಮಾವನ ಮುಖ ನೋಡದೆ ಹೇಳಿದಳು: “ನಾ ಹೇಳಿದ್ನಿರಿ ಮಾವಾ. ಮೂರು ಸಲ ಹೇಳಿದ್ನಿ.”

ಹೇಳಿದ್ದು ಖರೆ. ಧೊಂಡಿಬಾನಿಗೂ ಎಣಿಕೆ ನೆನಪಿತ್ತು.

*

ಮಳೆ ಕೈಕೊಟ್ಟದ್ದು ಅದು ಸಾಲಾಗಿ ಎರಡನೆಯ ವರ್ಷ. ದೀಪಾವಳಿಯ ಹೊತ್ತಿಗೆ ಅರ್ಧ ಊರು ಕೀಲಿ ಹಾಕಿಕೊಂಡು ಹೈದರಾಬಾದಿಗೂ ಮುಂಬಯಿಗೂ ಹೋಗಿತ್ತು. ಧೊಂಡಿಬಾನ ಮನೆಯವರು ಹೋಗಲಿಲ್ಲ. ಗ್ಯಾನುಗೆ ಲಾರಿಯ ಕೆಲಸ ಸಿಕ್ಕಿತ್ತು. ಹೈದರಾಬಾದಿನಿಂದ ಸಾಮಾನು ತರುವುದು, ಬೀದರಿನಲ್ಲಿ ಜೋಳ ತುಂಬುವುದು, ಭಾಲ್ಕಿ, ಔರಾದ, ಮತ್ತೆ ಬೀದರ. ಜೋಳಕ್ಕಾಗಿ ಜನ ಸಾಲುಗಟ್ಟಿ ನಿಂತಿರುತ್ತಿದ್ದರು. ಲಾರಿ ತಡವಾದರೆ ಆ ದಿನ ಅವರ ಒಲೆ ಹೊತ್ತುವುದಿಲ್ಲ. ಈ ಮಾತನ್ನು ಗ್ಯಾನು ದೊಡ್ಡ ಜವಾಬ್ದಾರಿಯಂತೆ ಹೇಳಿಕೊಳ್ಳುತ್ತಿದ್ದ.

ಒಂದು ತಿಂಗಳು ಕಳೆಯುವುದರೊಳಗೆ ಅವನ ಊಟ ಕಡಿಮೆಯಾಯಿತು. ಜನಾಬಾಯಿ ತಾಟಿನಲ್ಲಿ ಎರಡು ರೊಟ್ಟಿ, ಮೇಲೆ ಖಾರದ ಹಿಂಡಿ ಇಟ್ಟರೆ, ಒಂದು ತುಣುಕು ಮುರಿದು ತಾಟನ್ನು ಮುಕ್ತಾಳ ಮುಂದೆ ಸರಿಸುತ್ತಿದ್ದ.

“ನೀ ಉಣ್ಣೋ ಮಗನ.”

“ನನಗ ಹಸಿವಿಲ್ಲವ್ವಾ. ಅದರ ಹೊಟ್ಟಿ ನೋಡು, ಬೆನ್ನಿಗಿ ಹತ್ಯಾದ.”

ಅಂಥ ವರ್ಷದಲ್ಲಿ ಹಸಿವಿಲ್ಲ ಎನ್ನುವ ಮಾತು ಕೇಳುವುದಕ್ಕೆ ಎಷ್ಟು ಹಿತವಾಗಿರುತ್ತದೆ ಎಂಬುದು ಆ ವರ್ಷ ಉಂಡವರಿಗೇ ಗೊತ್ತು. ಬೇರೆ ಮನೆಗಳಲ್ಲಿ ಅತ್ತೆ-ಸೊಸೆಯರು ರೊಟ್ಟಿಯ ಬುಟ್ಟಿ ಬಚ್ಚಿಡುತ್ತಿದ್ದರು. ಧೊಂಡಿಬಾನ ಮನೆಯಲ್ಲಿ ಒಬ್ಬರ ಪಾಲು ಪ್ರತಿ ದಿನ ಉಳಿಯುತ್ತಿತ್ತು.

ಧೊಂಡಿಬಾ ವಾರಕರಿ, ವಿಠೋಬನ ಭಕ್ತ. ಕೊರಳಲ್ಲಿ ತುಳಸಿಮಾಲೆ, ತಿಂಗಳಿಗೆ ಎರಡು ಏಕಾದಶಿ, ನಲವತ್ತು ವರ್ಷದಿಂದ ತಪ್ಪಿಸಿದ್ದಿಲ್ಲ. ಮಗ ಏಕಾದಶಿ ಉಪವಾಸ ಮಾಡಿ, ದ್ವಾದಶಿಯ ಪಾರಣೆಗೂ ಕೂಡದೆ, ಮರುದಿನವೂ ಬರೀ ಚಹಾ ಕುಡಿದು ಗಾಡಿ ಹತ್ತಿದಾಗ ಅವನಿಗೆ ರೋಮಾಂಚನವಾಯಿತು. ಗುಡಿಯಲ್ಲಿ ಭಜನಾ ಮಂಡಳಿಯವರ ಮುಂದೆ ಹೇಳಿದ: “ನಾ ನಲವತ್ತು ವರ್ಷ ಹೊಟ್ಟಿ ಕಟ್ಟಿದೆ. ಆದರೂ ದ್ವಾದಶಿ ಮುಂಜಾನೆ ರೊಟ್ಟೀನೇ ನೆನಪಾಗ್ತದ. ನನ್ನ ಮಗ ಹಸಿವು ಗೆದ್ದಾನ.”

ಮಂಡಳಿಯ ಹಿರಿಯ ಮಡೆಪ್ಪ, “ಸಂತನ ಹೆಸರಿಗಿ ತಕ್ಕ ಮಗ” ಎಂದ.

ಸತ್ಯಮ್ಮನಿಗೆ ಮಾತ್ರ ಬೇರೆ ಕಂಡಿತು. ಗ್ಯಾನು ಮನೆಯಲ್ಲಿದ್ದ ಹೊತ್ತು ಸುಮ್ಮನೆ ಕೂಡುತ್ತಿರಲಿಲ್ಲ. ಕಂದೀಲನ್ನು ಬಿಚ್ಚಿ ಒರೆಸಿ ಜೋಡಿಸಿದ, ಮತ್ತೆ ಬಿಚ್ಚಿದ. ಚೆನ್ನಾಗಿ ಬೀಸುತ್ತಿದ್ದ ಬೀಸುಕಲ್ಲಿಗೆ ಉಳಿ ಹಿಡಿದು ಒಂದೇ ದಿನ ಮೂರು ಸಲ ಹಲ್ಲು ಹಾಕಿ, ಹಿಟ್ಟಿನಲ್ಲೆಲ್ಲ ಕಲ್ಲು ಬರುವಂತೆ ಮಾಡಿದ. ಅವನು ಬಾಯಲ್ಲಿ ಹಲ್ಲು ಕಡಿಯುವ ಸದ್ದು ಅಡಿಗೆ ಮನೆಗೆ ಕೇಳುತ್ತಿತ್ತು. ಅವನ ಅಂಗಿ ತೊಳೆದರೆ ನೀರು ಉಪ್ಪಾಗುತ್ತಿತ್ತು. ನಂತರ ಸಂಶಯ ಬಂತು. ಒಂದು ಕರಿ ಜೀಪು ಬೀದರಿನಿಂದ ಬೆನ್ನು ಹತ್ತಿದೆ ಎಂದ. ಕೆರೆಯ ಕೆಲಸದ ಮುಕಾದಮನ ಜೊತೆ ಏನು ಮಾತಾಡಿದೆ ಎಂದು ಹೆಂಡತಿಯನ್ನು ಕೇಳಿದ.

“ಹಾಜರಿ ಹಚ್ಚೋವಾಗ ಹೆಸರು ಹೇಳ್ದೆ. ಮತ್ತೇನ್ ಮಾತಾಡ್ಲಿ?”

“ಹೆಸರು ಹೇಳೋದಕ್ಕ ನಗಬೇಕೇನು?”

“ನಾ ನಕ್ಕು ವರ್ಷ ಆತು.”

ಅವನು ತಂಬಿಗೆ ಎಸೆದ. ಅದು ಗೋಡೆಗೆ ಬಡಿದು ನೆಗ್ಗಿತು. ಮರುಕ್ಷಣ ತಾನೇ ಅದನ್ನು ಎತ್ತಿಕೊಂಡು, ಕಲ್ಲಿನಿಂದ ಬಡಿದು ಸರಿಮಾಡುತ್ತ ಬೆಳಗಿನಿಂದ ಮಧ್ಯಾಹ್ನದವರೆಗೆ ಕುಳಿತ.

ಸತ್ಯಮ್ಮ ಮಾವನಿಗೆ ಮೊದಲ ಸಲ ಹೇಳಿದ್ದು ಆಗ. “ಬೀದರಿಗೆ ಕರ್ಕೊಂಡು ಹೋಗಿ ಡಾಕ್ಟರಿಗೆ ತೋರಸ್ರಿ. ಅವರ ಕಡೆ ಸುಣ್ಣದ ಡಬ್ಬ್ಯಾಗ ಏನೋ ಬಿಳಿ ಗುಳಿಗಿ ಅವರಿ.”

“ತಾಕತ್ತಿನ ಗುಳಿಗಿ ಅಂತ ನನಗೂ ಹೇಳ್ಯಾನ. ದುಡಿಯೋ ಗಂಡಸು.”

“ತಾಕತ್ತು ಬಂದವರು ಹಿಂಗ ಒಣಗ್ತಾರೇನ್ರಿ?”

ಎರಡನೆಯ ಸಲ ಹೇಳಿದಾಗ ಜನಾಬಾಯಿಯೇ ಅಡ್ಡ ಬಂದಳು. “ಊರಾಗ ಗಂಡಂದ್ರು ಕುಡದು ಬಿದ್ದಾರ. ನಿನ್ನ ಗಂಡ ತನ್ನ ಕೂಳು ಮಗಳಿಗಿ ಇಡ್ತಾನ. ಅದಕ್ಕೂ ದವಾಖಾನಿ ಬೇಕಾತೇನು ನಿನಗ?”

ಒಂದು ದಿನ ಕುತುಬೋದ್ದೀನನೂ ಅಂದ: “ಕಾಕಾ, ಅವನಿಗಿ ಎರಡು ದಿವಸ ಮಲಗಸ್ರಿ. ಗಾಡಿ ನಾ ನೋಡ್ಕೋತೇನಿ.” ಧೊಂಡಿಬಾ ನಕ್ಕ. “ನಿದ್ದಿ ನಮ್ಮಂಥವರಿಗೆ, ಕುತುಬಸಾಬ.”

*

ಚೈತ್ರದಲ್ಲಿ ವಿಠೋಬನ ಗುಡಿಯಲ್ಲಿ ಸಪ್ತಾಹ. ಏಳು ದಿನ, ಏಳು ರಾತ್ರಿ ನಾಮ ನಿಲ್ಲಬಾರದು. ಒಬ್ಬ ವೀಣೆಯನ್ನು ಹೆಗಲಿಗೆ ಹಾಕಿಕೊಂಡು ನಿಂತಿರಬೇಕು. ಅವನ ಪಾಳಿ ಮುಗಿದರೆ ಇನ್ನೊಬ್ಬ ಬಂದು ಅವನ ಕಾಲು ಮುಟ್ಟಿ, ವೀಣೆಯನ್ನು ತನ್ನ ಕೊರಳಿಗೆ ಹಾಕಿಕೊಳ್ಳಬೇಕು. ಏಳು ದಿನ ಮುಗಿಯುವವರೆಗೆ ವೀಣೆ ನೆಲ ಮುಟ್ಟುವಂತಿಲ್ಲ. ಬೇರೆ ವರ್ಷ ಪಾಳಿಗೆ ಜಗಳವಾಗುತ್ತಿತ್ತು. ಆ ವರ್ಷ ವೀಣೆ ಹಿಡಿಯುವವರು ಊರಲ್ಲಿ ಒಂಬತ್ತು ಜನ ಉಳಿದಿದ್ದರು. ಅದರಲ್ಲಿ ಐವರು ಮುದುಕರು.

ಐದನೆಯ ದಿನ ಬೆಳಿಗ್ಗೆ ಧೊಂಡಿಬಾ ವೀಣೆ ಹಿಡಿದ. ಎರಡು ತಾಸಿನ ಮೇಲೆ ಬರಬೇಕಾದವನು ಬರಲಿಲ್ಲ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮುಂಜಾನೆಯ ಬಸ್ಸಿಗೆ ಹೈದರಾಬಾದಿಗೆ ಹೋಗಿದ್ದ. ಅವನ ನಂತರದವನಿಗೆ ಚಳಿಜ್ವರ. ರಾತ್ರಿ ಹಿಡಿದವರು ಎದ್ದಿರಲಿಲ್ಲ. ಅರವತ್ತು ದಾಟಿದ ಧೊಂಡಿಬಾನ ಮೊಣಕಾಲು ನಡುಗತೊಡಗಿದವು. ಎಂಟು ವರ್ಷದ ಮುಕ್ತಾ ಎದುರಿಗೆ ಕುಳಿತು ತಾಳ ಹಾಕುತ್ತಿದ್ದಳು.

ಆಗ ಬೇವಿನ ಮರದ ಹತ್ತಿರ ಮೂರು ಹಾರ್ನ್ ಕೇಳಿತು. ಗ್ಯಾನು ಗುಡಿಗೆ ಬಂದ. ತಂದೆಯ ಕಾಲು ನೋಡಿದ.

“ನನಗ ಕೊಡ್ರಿ ಅಂತಿದ್ದೆ, ಅಪ್ಪಾ. ಔರಾದಕ್ಕ ಹನ್ನೊಂದಕ್ಕ ಮುಟ್ಟಬೇಕು. ಜನ ಕಾಯ್ತಿರ್ತಾರ.” ಸುಣ್ಣದ ಡಬ್ಬಿ ತೆಗೆದ. “ಇದೊಂದು ನುಂಗ್ರಿ. ವೀಣಿ ಕೆಳಗ ಇಡೋದು ಬರೂದಿಲ್ಲ.”

ಗುಡಿಯ ಅಂಗಳ ಕಸ ಗುಡಿಸುತ್ತಿದ್ದ ಸತ್ಯಮ್ಮನನ್ನು ನೀರಿಗೆ ಕರೆದ. ಧೊಂಡಿಬಾನ ಕೈಗಳು ವೀಣೆಯ ಮೇಲಿದ್ದವು. ಮಗ ಗುಳಿಗೆಯನ್ನು ಅವನ ನಾಲಗೆಯ ಮೇಲಿಟ್ಟ, ಸೊಸೆ ಬಾಯಿಗೆ ನೀರು ಹಾಕಿದಳು.

ಒಂದು ತಾಸಿನೊಳಗೆ ಮೊಣಕಾಲಿನ ನೋವು ಹೋಯಿತು. ಮೈ ಹಗುರಾಯಿತು. ವೀಣೆಯ ಒಂದೊಂದು ತಂತಿಯ ಸದ್ದು ಬೇರೆ ಬೇರೆಯಾಗಿ ಕೇಳಿಸಿತು. ಇಷ್ಟು ದಿನ ಬಾಯಿಯಿಂದ ಅಂದ ಹೆಸರನ್ನು ಈಗ ಮೈಯೆಲ್ಲ ಅನ್ನುತ್ತಿದೆ ಎನಿಸಿತು. ಮಧ್ಯಾಹ್ನದ ಹೊತ್ತಿಗೆ, ಸೊಂಟದ ಮೇಲೆ ಕೈಯಿಟ್ಟು ನಿಂತ ಕರಿಕಲ್ಲಿನ ವಿಠೋಬ, ಆ ಕೈಗಳನ್ನು ತೆಗೆದು ತನ್ನ ಕಡೆಗೆ ಚಾಚಿದ್ದನ್ನು ಧೊಂಡಿಬಾ ಕಂಡ. ಕಣ್ಣೀರು ಧಾರೆಯಾಗಿ ಹರಿಯಿತು. ಬದಲಿಗೆ ಬಂದವರಿಗೂ ವೀಣೆ ಕೊಡದೆ, ದೀಪ ಹಚ್ಚುವವರೆಗೆ ನಿಂತೇ ಇದ್ದ. ಊರಲ್ಲಿ ಉಳಿದವರೆಲ್ಲ ಬಂದು ಅವನ ಕಾಲು ಮುಟ್ಟಿದರು.

ಮುಂದಿನ ಎರಡು ದಿನ ಏಳಲಾರದೆ ಬಿದ್ದುಕೊಂಡ. ತಲೆ ಸಿಡಿಯಿತು. ಅಂಬಲಿ ತಂದ ಹೆಂಡತಿಯನ್ನು ಬೈದ. ಇದು ದೇವರು ಅಗಲಿದ ಸಂಕಟ ಎಂದು ತಿಳಿದ.

ಆ ದರ್ಶನದ ಕಥೆಯನ್ನು ಎಷ್ಟೋ ಸಲ ಹೇಳಿದ. ಸಾಯಗಾಂವದಿಂದ ಬೀಗರು ಬಂದು ಕೇಳಿಕೊಂಡು ಹೋದರು. ಗುಳಿಗೆಯ ಮಾತು ಮಾತ್ರ ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಅದು ಆ ಕಥೆಯೊಳಗೆ ಬರುವಂಥ ಮಾತೆಂದು ಅವನಿಗೆ ತೋರಲಿಲ್ಲ.

ಸತ್ಯಮ್ಮ ಮೂರನೆಯ ಸಲ ಹೇಳಿದ್ದು ಇದಾದ ಹದಿನೈದು ದಿನಕ್ಕೆ. ಆಗ ಗ್ಯಾನುವಿನ ಕೆನ್ನೆ ಒಳಗೆ ಹೋಗಿ, ತುಟಿಯ ಬದಿ ಹುಣ್ಣಾಗಿತ್ತು. ಎದೆಯ ಮೇಲೆ ಕೈಯಿಟ್ಟರೆ ಅಂಗಿಯ ಮೇಲಿಂದಲೂ ಬಡಿತ ತಿಳಿಯುತ್ತಿತ್ತು. “ಕಾಲು ಹಿಡೀತೇನಿರಿ ಮಾವಾ” ಎಂದು ಅವಳು ಖರೆಯೇ ಕಾಲು ಹಿಡಿದಳು.

“ದೇವರ ಕೈ ನಮ್ಮ ಮನಿ ಮ್ಯಾಲ ಅದ” ಎಂದ ಧೊಂಡಿಬಾ. “ನಾ ಕಣ್ಣಾರೆ ಕಂಡೇನಿ. ಅಪಶಕುನ ನುಡೀಬ್ಯಾಡ.”

ಅದು ಗ್ಯಾನು ಸಾಯುವುದಕ್ಕೆ ಒಂಬತ್ತು ದಿನ ಮೊದಲು.

*

ದವಾಖಾನೆಯಲ್ಲಿ ಪಂಚನಾಮೆ ಮುಗಿದಿತ್ತು. ಕಂಪೌಂಡರ ಅಬ್ದುಲ ಅಜೀಜ ಸತ್ತವನ ಸಾಮಾನನ್ನು ಒಂದು ಕಾಗದದ ಮೇಲಿಟ್ಟು ತಂದ. ವಸ್ತ್ರ, ಲೈಸೆನ್ಸು, ತುಳಸಿಮಾಲೆ, ಸುಣ್ಣದ ಡಬ್ಬಿ. ಡಬ್ಬಿ ತೆರೆದು ತೋರಿಸಿದ.

“ಇವನ್ನ ಎಷ್ಟು ದಿವಸದಿಂದ ತಗೋತಿದ್ದ?”

“ದೀಪಾವಳಿಯಿಂದ್ರಿ” ಎಂದಳು ಸತ್ಯಮ್ಮ.

“ಆಂಫೆಟಮಿನ್ ಅಂತಾರ ಇದಕ್ಕ. ಲಾರಿಯವರು ನುಂಗ್ತಾರ, ಪರೀಕ್ಷಾ ಬರಿಯೋ ಹುಡುಗರು ನುಂಗ್ತಾರ. ನಿದ್ದಿ ಬರೂದಿಲ್ಲ, ಹಸಿವಿ ಆಗೂದಿಲ್ಲ. ತಾಕತ್ತು ಬಂತು ಅನಸ್ತದ. ಎಲ್ಲಿಂದ ಬರಬೇಕ್ರಿ ತಾಕತ್ತು? ನಾಳಿಂದು ಇವತ್ತೇ ಖರ್ಚು ಮಾಡಸ್ತದ. ಮೊದಲ ಒಂದು ಸಾಕಾಗ್ತದ, ಆಮ್ಯಾಲ ಎರಡು, ಆಮ್ಯಾಲ ಐದು. ಇಂಥ ಬಿಸಲಾಗ, ಖಾಲಿ ಹೊಟ್ಟ್ಯಾಗ ಚೀಲ ಹೊತ್ತಾನ. ಎದಿ ಓಡಿ ಓಡಿ ನಿಂತದ.”

ಧೊಂಡಿಬಾ ಡಬ್ಬಿಯೊಳಗೆ ಬಗ್ಗಿ ನೋಡಿದ.

“ಇದು ನುಂಗಿದವರಿಗೆ... ದೇವರು ಕಾಣ್ತಾನೇನು, ಸಾಹೇಬ?”

ಅಬ್ದುಲ ಅಜೀಜ ಅವನ ಕೊರಳ ಮಾಲೆಯನ್ನು ನೋಡಿದ. ದನಿ ತಗ್ಗಿಸಿ ಹೇಳಿದ: “ಏನ್ ಬೇಕಾದ್ರೂ ಕಾಣ್ತದ, ಕಾಕಾ. ಕೆಲವರಿಗೆ ದೇವರು. ಕೆಲವರಿಗೆ ಬೆನ್ನು ಹತ್ತಿದ ಪೊಲೀಸರು.”

ಡಬ್ಬಿಯನ್ನು ಅವನು ಅಲ್ಲಿಯೇ ಇಟ್ಟುಕೊಂಡ. ಹೊರಗೆ ಬೇವಿನ ನೆರಳಲ್ಲಿ ಕುತುಬೋದ್ದೀನ ಕಾಲು ಮಡಚಿ ಕುಳಿತಿದ್ದ. “ಮೊದಲನೇ ಗುಳಿಗಿ ಕೊಟ್ಟಾವ ನಾ, ಕಾಕಾ. ಜಹೀರಾಬಾದ ದಾಟಿದ ಮ್ಯಾಲ ಕಣ್ಣು ಮುಚ್ಚಿದ್ರ ಕಾಲು ಗುಳಿಗಿ. ನನ್ನ ಲೆಕ್ಕ ಅಷ್ಟೇ ಇತ್ತು. ಅವ ಎಲ್ಲೆಲ್ಲೋ ತಂದು ದಿನಾ ಐದೈದು... ಬೈರಿ ನನಗ. ಹೊಡೀರಿ.”

ಧೊಂಡಿಬಾ ಬೈಯಲಿಲ್ಲ. ಬೈಯುವಷ್ಟು ಜಾಗ ತನ್ನ ಕಾಲಡಿಯಲ್ಲಿ ಉಳಿದಿಲ್ಲವೆಂದು ಅವನಿಗೆ ಗೊತ್ತಾಗಿತ್ತು. ಸತ್ಯಮ್ಮ ಸೆರಗು ಬಿಗಿದುಕೊಂಡು ಮೆಲ್ಲಗೆ ಅಂದಳು: “ಆ ದಿನ ಗುಡ್ಯಾಗ ನಿಮಗ ನೀರು ಹಾಕಿದಾಕಿ ನಾನೇ ರಿ ಮಾವಾ.”

ಹೊಲದ ಬದುವಿನಲ್ಲಿ ಮಣ್ಣು ಮಾಡಿದರು.

*

ಹದಿಮೂರನೆಯ ದಿನ. ಕುತುಬೋದ್ದೀನ ಎಲ್ಲಿಂದಲೋ ಎರಡು ಸೇರು ಬಿಳಿಜೋಳ, ಒಂದಿಷ್ಟು ತೊಗರಿಬೇಳೆ ತಂದುಕೊಟ್ಟಿದ್ದ. ಜನಾಬಾಯಿ ಮೂರು ರೊಟ್ಟಿ ಬಡಿದು, ಬೇಳೆ ಬೇಯಿಸಿ, ಮಗನ ತಾಟಿನಲ್ಲಿ ಎಡೆ ಹಾಕಿ ದೇವರ ಜಗಲಿಯ ಕೆಳಗಿಟ್ಟಳು. ವರ್ಷದಲ್ಲಿ ಆ ಮನೆಯಲ್ಲಿ ಬಿಳಿ ರೊಟ್ಟಿ ಆದದ್ದು ಅದೇ ಮೊದಲು. ಮುಕ್ತಾ ತಾಟಿನ ಕಡೆ ನೋಡದೆ ಇರಲು ಬಾಗಿಲ ಕಡೆ ಮುಖ ಮಾಡಿ ಕುಳಿತಿದ್ದಳು.

ಭಜನಾ ಮಂಡಳಿಯ ಐದಾರು ಜನ ಪಡಸಾಲೆಯಲ್ಲಿ ಕೂಡಿದ್ದರು. ಗೂಟಕ್ಕೆ ವೀಣೆ ತೂಗುತ್ತಿತ್ತು. ಮಡೆಪ್ಪ ಹೇಳುತ್ತಿದ್ದ: “ಸಾಮಾನ್ಯ ಜೀವ ಅಲ್ಲ ಅದು. ಹಸಿವು, ನಿದ್ದಿ ಎರಡೂ ಗೆದ್ದಿತ್ತು. ಮಳಿ ಬಂದ ಮ್ಯಾಲ ಹೊಲದಾಗ ಒಂದು ಕಟ್ಟಿ ಕಟ್ಟಿ, ಮ್ಯಾಲ ಕಲ್ಲಿನ ಪಾದ ಇಡಮು. ಮುಂದಿನ ಹುಡುಗರಿಗಿ ಗೊತ್ತಾಗಬೇಕು.”

ಜನಾಬಾಯಿ ಅಳುತ್ತಲೇ ಹೌದೆಂದು ತಲೆದೂಗಿದಳು. ಅವಳಿಗೆ ಆ ಮಾತು ತಂಪಾಯಿತು.

ಆ ಹೊತ್ತಿಗೆ ನೆರೆಮನೆಯ ಅನುಸೂಯಾಬಾಯಿ ಬಾಗಿಲಲ್ಲಿ ಬಂದು ನಿಂತಳು. ಗಂಡ ಮುಂಬಯಿಗೆ ಹೋಗಿ ನಾಲ್ಕು ತಿಂಗಳು. ಟೊಂಕದ ಮೇಲೆ ಎರಡು ವರ್ಷದ ಕೂಸು. ಅತ್ತು ಅತ್ತು ಅದರ ದನಿ ಹೋಗಿತ್ತು.

“ಜನಾಕ್ಕಾ, ಕೇಳಬಾರದ ದಿವಸ ಕೇಳ್ತೇನಿ, ಸಿಟ್ಟಾಗಬ್ಯಾಡ. ಗ್ಯಾನು ಗುಳಿಗಿ ನುಂಗಿ ಹಸಿವಿ ಕಟ್ಟಿದ್ದು ನಾ ನೋಡೇನಿ. ನಿಮ್ಮ ಗ್ಯಾನುನ ಹಸಿವಿ ಕಟ್ಟೋ ಗುಳಿಗಿ ಮನ್ಯಾಗ ಇದ್ರ ಅರ್ಧ ಕೊಡು. ಗಂಜಿ ಕೇಂದ್ರ ಎರಡು ದಿವಸದಿಂದ ಬಂದ್ ಅದ. ನನ್ನ ಹೊಟ್ಟಿ ತಡೀತದ. ಇದರ ಅಳು ತಡಿಯೋಕಾಗೂದಿಲ್ಲ.”

ಜನಾಬಾಯಿ ಎದ್ದಳು. ದೇವರ ಜಗಲಿಯ ಮೂಲೆಯಲ್ಲಿ, ಬುಕ್ಕಿಟ್ಟಿನ ಭರಣಿಯ ಹಿಂದಿನಿಂದ ಒಂದು ಕಾಗದದ ಪೊಟ್ಟಣ ತೆಗೆದಳು. ಮಗನ ಅಂಗಿಯ ಕಿಸೆಯಲ್ಲಿ ಸಿಕ್ಕಿದ್ದನ್ನು ಅವಳು ದೇವರ ಹತ್ತಿರ ಇಟ್ಟಿದ್ದಳು. ಬಿಚ್ಚಿ ಒಂದು ಗುಳಿಗೆಯನ್ನು ಹಲ್ಲಿನಿಂದ ಎರಡು ಮಾಡಲು ಬಾಯಿಗೆ ಹಿಡಿದಳು.

ಸತ್ಯಮ್ಮ ಒಲೆಯ ಮುಂದೆ ಇದ್ದಳು. ಅವಳು ಅತ್ತೆಯನ್ನು ತಡೆಯಲಿಲ್ಲ. ಮಾವನನ್ನು ನೋಡಿದಳು, ಅಷ್ಟೇ.

“ಇಡು ಅದನ್ನ!” ಧೊಂಡಿಬಾ ಕೂಗಿದ ರೀತಿಗೆ ಕೂಸು ಅಳು ನಿಲ್ಲಿಸಿತು. ಅವನು ಗೋಡೆ ಹಿಡಿದು ಎದ್ದು ಹೋಗಿ, ಹೆಂಡತಿಯ ಕೈಯಿಂದ ಪೊಟ್ಟಣ ಕಸಿದುಕೊಂಡ.

“ಗ್ಯಾನುನ್ನ ಇದು ತಿಂದದ. ಬಿಸಲಲ್ಲ, ಕೆಲಸಲ್ಲ. ಇದು. ಬೀದರಿನ ದವಾಖಾನ್ಯಾಗ ಹೇಳ್ಯಾರ. ಸತ್ಯಮ್ಮ ಅದಕ್ಕೂ ಮೊದಲ ಹೇಳಿದ್ದಳು.”

“ಅವ ಹಸಿವು ಗೆದ್ದಿದ್ದಕ್ಕ...” ಎಂದ ಮಡೆಪ್ಪ.

“ಗೆದ್ದಿಲ್ಲೋ ಮಡೆಪ್ಪಾ! ಹಸಿವು ಸತ್ತಿತ್ತು. ಹಸಿವು ಸತ್ತ ಮ್ಯಾಲ ಮನಷ್ಯಾ ಎಷ್ಟು ದಿವಸ ಇರ್ತಾನ? ಇನ್ನೊಂದು ಕೇಳ್ರಿ. ಸಪ್ತಾಹದಾಗ ನಾ ದಿನವೆಲ್ಲ ವೀಣಿ ಹಿಡದು ನಿಂತೆ, ವಿಠೋಬ ಕೈ ಚಾಚಿದ ಅಂದೆ. ಆ ದಿನ ಮುಂಜಾನಿ ಇದೇ ಗುಳಿಗಿ ನುಂಗಿದ್ದೆ. ನಿಮಗ ಹೇಳಿಲ್ಲ.”

ಮಡೆಪ್ಪ, “ದುಃಖದಾಗ ಏನೇನೋ ಅನಬ್ಯಾಡ. ನಾವೆಲ್ಲ ನಿನ್ನ ಕಾಲು ಮುಟ್ಟಿಲ್ಲೇನು?” ಎಂದ.

“ಮುಟ್ಟಿದ್ರಿ. ಆ ಸೊಕ್ಕಿನಾಗೇ ಸೊಸಿ ಕಾಲು ಹಿಡದಾಗ ನಾ ಕೇಳಲಿಲ್ಲ.”

“ಹಂಗಾದ್ರ ದೇವರು ಬಂದಿದ್ದು ಸುಳ್ಳೇನು?”

“ದೇವರು ಬಂದಿದ್ದನೋ ಇಲ್ಲೋ ನನಗ ಗೊತ್ತಿಲ್ಲ. ಗುಳಿಗಿ ಬಂದಿದ್ದು ಗೊತ್ತದ. ಕಟ್ಟಿ ಬ್ಯಾಡ, ಪಾದ ಬ್ಯಾಡ. ನಾಳೆ ಯಾರದೋ ಮಗ ಅದರ ಮುಂದ ನಿಂತು, ನಾನೂ ಹಸಿವು ಗೆಲ್ತೇನಿ ಅಂತಾನ.”

ಪೊಟ್ಟಣವನ್ನು ಒಲೆಗೆ ಹಾಕಿದ. ಸತ್ಯಮ್ಮ ಊದುಗೊಳವೆ ತೆಗೆದುಕೊಂಡು, ಕಾಗದ ಪೂರ್ತಿ ಸುಡುವವರೆಗೆ ಊದಿದಳು.

ಧೊಂಡಿಬಾ ಬಗ್ಗಿ ಜಗಲಿಯ ಕೆಳಗಿನ ತಾಟನ್ನು ಎತ್ತಿದ. ಜನಾಬಾಯಿ ತಾಟು ಹಿಡಿದು ಕಿರುಚಿದಳು. “ಅದು ಗ್ಯಾನುನ ಎಡಿ! ಆರು ತಿಂಗಳಾದ ಮ್ಯಾಲ ನನ್ನ ಮಗನ ಹೆಸರಲಿ ಒಂದು ತಾಟು ತುಂಬ ಬಡಿಸೇನಿ!”

“ಆರು ತಿಂಗಳು ಅವ ತನ್ನ ತಾಟು ಕೂಸಿನ ಮುಂದ ಸರಿಸ್ಯಾನ. ಅದೊಂದು ಖರೇ ಅವಂದು, ಗುಳಿಗಿದಲ್ಲ. ಇವತ್ತೂ ಅವನೇ ಸರಿಸ್ಯಾನ ಅನ್ನು.”

ಜನಾಬಾಯಿ ಕೈ ಬಿಟ್ಟಳು. ಅವನು ತಾಟನ್ನು ಬಾಗಿಲಿಗೆ ಒಯ್ದಿಟ್ಟ. ಅನುಸೂಯಾಬಾಯಿ ಹೊಸ್ತಿಲ ಹೊರಗೇ ಕುಳಿತಳು. ಸತ್ಯಮ್ಮ ಬಂದು ರೊಟ್ಟಿ ಮುರಿದು, ಬೇಳೆಯಲ್ಲಿ ನೆನೆಸಿ ಮೆತ್ತಗೆ ಮಾಡಿ ಕೂಸಿನ ಬಾಯಿಗಿಟ್ಟಳು. ಮೊದಲ ತುತ್ತು ಹೊರಬಂತು. ಎರಡನೆಯದು ಒಳಗೆ ಹೋಯಿತು. ಎರಡನೆಯ ರೊಟ್ಟಿಯನ್ನು ಅನುಸೂಯಾಬಾಯಿಗೆ, ಮೂರನೆಯದನ್ನು ಮುಕ್ತಾಳ ಕೈಗೆ ಕೊಟ್ಟಳು. ಅವಳು ಮುತ್ಯಾನ ಮುಖ ನೋಡಿ, ಅವನು ತಲೆಯಾಡಿಸಿದ ಮೇಲೆ ತಿಂದಳು.

ಉಂಡ ಕೂಸು ತಾಯಿಯ ತೊಡೆಯ ಮೇಲೆ ಅಲ್ಲಿಯೇ ನಿದ್ದೆ ಹೋಯಿತು. ಬಾಯಿಯ ಬದಿಗೆ ಬೇಳೆ ಹತ್ತಿತ್ತು.

ಮಡೆಪ್ಪ ಗೂಟದಿಂದ ವೀಣೆ ಇಳಿಸಿ ಧೊಂಡಿಬಾನ ಮುಂದೆ ಹಿಡಿದ. ಧೊಂಡಿಬಾ ಮುಟ್ಟಲಿಲ್ಲ. “ನೀನೇ ಹಿಡಿ. ನನಗ ನಿಂದ್ರೋ ಶಕ್ತಿ ಇಲ್ಲ” ಎಂದು ನೆಲದ ಮೇಲೆ ಕುಳಿತು, ಖಾಲಿ ತಾಟನ್ನು ಮುಂದಿಟ್ಟುಕೊಂಡು ಕೈ ಮುಗಿದ. ಅವನ ದನಿ ಪಕ್ಕದಲ್ಲಿದ್ದವರಿಗೆ ಮಾತ್ರ ಕೇಳುತ್ತಿತ್ತು.

“ವಿಠ್ಠಲಾ, ನನ್ನ ಮಗ ನಿನ್ನ ಕಡೆ ಬಂದಾನ. ಭಾಳ ದಿವಸದಿಂದ ಮಲಗಿಲ್ಲ ಅವ. ಜನ ಕಾಯ್ತಾರ ಅಂತ ಎದ್ದು ಹೊಂಟ್ರ, ಬ್ಯಾಡ ಅನ್ನು. ಚೀಲ ಎಲ್ಲಾ ಇಳಿಸಿ ಆಗ್ಯಾವ ಅನ್ನು. ಬೆನ್ನು ಹತ್ತಿದವರು ಯಾರೂ ಇಲ್ಲಂತ ಅವನ ಕಿವ್ಯಾಗ ಹೇಳು. ಅವನಿಗಿ ಹಸಿವಿ ಆಗಲಿ. ಆದಾಗ ನಿನ್ನ ಮನ್ಯಾಗ ಒಂದು ತುತ್ತು ಹಾಕು. ಉಂಡ ಮ್ಯಾಲ ಈ ಕೂಸಿನಂಗ ನಿದ್ದಿ ಕೊಡು. ನೀ ನನಗ ಇನ್ನೊಮ್ಮೆ ಕಾಣಸಬ್ಯಾಡ, ತಂದಿ. ಅವನ ತಲಿ ಮ್ಯಾಲ ಕೈ ಇಡು. ಅವನ ಜೀವಕ್ಕ ಶಾಂತಿ ಆಗಲಿ.”